ಸ್ವಲ್ಪ ಜೋರಿದೆ

ಊರು ಬಿಟ್ಟು ಬಂದವರ ಮನೆಯಲ್ಲೆಲ್ಲ ಒಂದು ಭಯ ಬಾಡಿಗೆ ಕೊಡದೆ ವಾಸವಾಗಿರುತ್ತದೆ. ಅದು ಅಪರಾತ್ರಿಯ ಫೋನಿನ ಭಯ. ಮುಂಬಯಿ ಇರಲಿ, ಪುಣೆ, ಹೈದರಾಬಾದು, ದೆಹಲಿ ಇರಲಿ, ರಾತ್ರಿ ಎರಡು ಗಂಟೆಗೆ ಫೋನು ಬಡಿದುಕೊಂಡರೆ ಅದನ್ನು ಎತ್ತುವ ಮೊದಲೇ ಊರಿನಲ್ಲಿರುವ ವಯಸ್ಸಾದವರ ಹೆಸರುಗಳೆಲ್ಲ ತಲೆಯಲ್ಲಿ ಸಾಲಾಗಿ ನಿಂತುಬಿಡುತ್ತವೆ. ಅಮ್ಮ? ದೊಡ್ಡಪ್ಪ? ಮೊನ್ನೆ ಬಿದ್ದು ಸೊಂಟ ಮುರಿದುಕೊಂಡ ಅತ್ತೆ? ಆ ಕಡೆಯಿಂದ ಯಾರೋ ಅಪರಿಚಿತ "ಪಾಟೀಲ್ ಆಹೇತ್ ಕಾ?" ಎಂದು ಮರಾಠಿಯಲ್ಲಿ ಕೇಳಿದರೆ ಬೈಯಬೇಕೆನಿಸುವುದಿಲ್ಲ, ಅವನ ಕೈಕುಲುಕಿ ಥ್ಯಾಂಕ್ಸ್ ಹೇಳಬೇಕೆನಿಸುತ್ತದೆ. ಆಮೇಲೆ ಬೆಳಗಿನವರೆಗೆ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು.

ಎಸ್‌ಟಿಡಿ ಕಾಲದಲ್ಲಿ ಈ ಭಯಕ್ಕೆ ಒಂದು ತಮಾಷೆಯ ಮುಖವೂ ಇತ್ತು. ನಿಮಗೆ ನೆನಪಿರಬಹುದು, ರಾತ್ರಿ ತಡವಾದಷ್ಟೂ ದರ ಇಳಿಯುತ್ತಿತ್ತು. ಅರ್ಧ, ಆಮೇಲೆ ಇನ್ನೂ ಕಡಿಮೆ, ಹನ್ನೊಂದರ ಹೊತ್ತಿಗೆ ಕಾಲು ದರ. ಹಾಗಾಗಿ ಮಗು ಹುಟ್ಟಿದ್ದು, ಹೆಣ್ಣು ಒಪ್ಪಿದ್ದು, ಎಮ್ಮೆ ಕರು ಹಾಕಿದ್ದು ಎಲ್ಲವೂ ಹನ್ನೊಂದರ ಮೇಲೆಯೇ ಬರುತ್ತಿದ್ದವು. ಸಾವೂ ಅದೇ ಹೊತ್ತಿಗೆ, ಅದೇ ರಿಂಗಿನಲ್ಲಿ. ಹೀಗಾಗಿ ನಮ್ಮ ಕಡೆಯ ಜಾಣರು ಫೋನಿನಲ್ಲಿ "ಹಲೋ" ಎನ್ನುತ್ತಿರಲಿಲ್ಲ. "ಇಲ್ಲಿ ಎಲ್ಲ ಸೌಖ್ಯ" ಎಂದೇ ಶುರು ಮಾಡುತ್ತಿದ್ದರು. ಆ ಮೂರು ಶಬ್ದಕ್ಕೆ ಮೀಟರು ಎಷ್ಟು ಓಡಿದರೂ ದುಬಾರಿ ಎನಿಸುತ್ತಿರಲಿಲ್ಲ.

ಅದಕ್ಕೂ ಹಿಂದೆ ಟೆಲಿಗ್ರಾಂ. ಅದರಲ್ಲಿ ಶುಭಾಶಯಕ್ಕೆ ನಂಬರುಗಳಿದ್ದವು. ಮದುವೆಗೆ ಒಂದು, ಹಬ್ಬಕ್ಕೆ ಒಂದು, ಪರೀಕ್ಷೆ ಪಾಸಾದರೆ ಇನ್ನೊಂದು. ನಂಬರು ಬರೆದರೆ ಸಾಕು, ಆ ಕಡೆಯಲ್ಲಿ ಪೂರ್ತಿ ವಾಕ್ಯ ಹೊರಬರುತ್ತಿತ್ತು. ಆದರೆ ಊರಿನಿಂದ ಬರುವ ಒಂದು ಟೆಲಿಗ್ರಾಂಗೆ ಯಾವ ನಂಬರೂ ಬೇಕಿರಲಿಲ್ಲ, ಅದು ಎಲ್ಲರಿಗೂ ಬಾಯಿಪಾಠ. ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯೆಟ್ಲಿ. ಅಥವಾ ಮದರ್ ಸೀರಿಯಸ್. ನಾಲ್ಕೇ ಶಬ್ದ. ಶಬ್ದಕ್ಕೆ ಇಷ್ಟು ಎಂದು ದುಡ್ಡು ಎಣಿಸಿ ಕೊಡಬೇಕಾಗಿದ್ದ ಕಾಲದಲ್ಲಿ ನಮ್ಮ ಜನ ಒಂದು ಸುಳ್ಳನ್ನು ಕಾಸು ಕೊಟ್ಟು ಕಳಿಸುತ್ತಿದ್ದರು. ಯಾಕೆಂದರೆ ಬಹಳಷ್ಟು ಸಲ ಆ ಫಾದರ್ ಸೀರಿಯಸ್ ಆಗಿರುತ್ತಿರಲಿಲ್ಲ. ಆ ಹೊತ್ತಿಗೆ ಅಂಗಳದಲ್ಲಿ ಚಟ್ಟ ಕಟ್ಟಿ ಮುಗಿದಿರುತ್ತಿತ್ತು.

ಇಂಗ್ಲಿಷು ಬಾರದ ನಮ್ಮ ಹಳ್ಳಿಗಳಲ್ಲಿ ಈ ಸೀರಿಯಸ್ ಎಂಬ ಶಬ್ದ ಮಾತ್ರ ಎಲ್ಲರಿಗೂ ಗೊತ್ತಿತ್ತು. ಕನ್ನಡದಲ್ಲಿ ಅದಕ್ಕೆ ನಮ್ಮ ಕರಾವಳಿಯಲ್ಲಿ "ಸ್ವಲ್ಪ ಜೋರಿದೆ" ಅನ್ನುತ್ತೇವೆ. "ಅಪ್ಪಯ್ಯನಿಗೆ ಸೌಖ್ಯ ಇಲ್ಲ, ಸ್ವಲ್ಪ ಜೋರಿದೆ, ಒಮ್ಮೆ ಬಂದು ಹೋಗು." ಈ "ಸ್ವಲ್ಪ"ದ ಮೇಲೆ ನನಗೆ ಬಹಳ ಪ್ರೀತಿ. ಸಾವು ಎಂಬ ಶಬ್ದವನ್ನು ನಾವು ಮನುಷ್ಯರಿಗೆ ಸುಲಭವಾಗಿ ಬಳಸುವವರಲ್ಲ. ತೀರಿಕೊಂಡರು, ಹೋಗಿಬಿಟ್ಟರು, ಕಾಲವಾದರು, ದೈವಾಧೀನರಾದರು, ಲಿಂಗೈಕ್ಯರಾದರು, ಪತ್ರಿಕೆಯವರಿಗೆ "ಇನ್ನಿಲ್ಲ". ಮನೆಯಿಂದ ಹೊರಡುವಾಗ "ಹೋಗ್ತೇನೆ" ಅಂದರೇ ಗದರಿಸಿ "ಬರ್ತೇನೆ ಅನ್ನು" ಎಂದು ತಿದ್ದುವ ಮಂದಿ ಟೆಲಿಗ್ರಾಫ್ ಫಾರಂ ಮೇಲೆ ನೇರವಾಗಿ "ಎಕ್ಸ್‌ಪೈರ್ಡ್" ಎಂದು ಹೇಗೆ ಬರೆದಾರು?

ಈ ಸುಳ್ಳನ್ನು ಒಬ್ಬರೇ ಹೇಳುತ್ತಿರಲಿಲ್ಲ, ಅದಕ್ಕೊಂದು ಸಾಲೇ ಇರುತ್ತಿತ್ತು. ಊರಿನ ಪೋಸ್ಟ್ ಮಾಸ್ತರರಿಂದ ಅದು ಶುರು. ಟೆಲಿಗ್ರಾಂ ಮುಂಬಯಿಗೆ ಬಂದು ಮುಟ್ಟುತ್ತಿದ್ದುದು ಹೆಚ್ಚಾಗಿ ಹೋಟೆಲಿನ ಗಲ್ಲಾಕ್ಕೆ, ಇಲ್ಲವೇ ಖೋಲಿಯ ಹಿರಿಯನ ಕೈಗೆ. ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದ ಹುಡುಗರ ಹೆಸರಿಗೆ ಬಂದದ್ದನ್ನು ಧಣಿ ಮೊದಲು ಓದುತ್ತಿದ್ದ. ಓದಿ ಶರಟಿನ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಹುಡುಗನಿಗೆ ಆಗಲೇ ಹೇಳುತ್ತಿರಲಿಲ್ಲ. ಮಧ್ಯಾಹ್ನದ ರಶ್ ಮುಗಿದು ಹುಡುಗ ತಟ್ಟೆ ಹಾಕಿಕೊಂಡು ಕೂತು, ಉಂಡು, ಕೈ ತೊಳೆದ ಮೇಲೆ "ಇಲ್ಲಿ ಬಾ ಮಾರಾಯ" ಎಂದು ಕರೆಯುತ್ತಿದ್ದ. ಅಷ್ಟು ಹೊತ್ತಿಗೆ ಬಸ್ಸಿನ ಟಿಕೆಟಿಗೆ ಯಾರನ್ನೋ ಓಡಿಸಿ ಆಗಿರುತ್ತಿತ್ತು. ಸಂಬಳ ಸರಿಯಾಗಿ ಕೊಡದ ಧಣಿಗಳೂ ಈ ಒಂದು ವಿಷಯದಲ್ಲಿ ತಪ್ಪುತ್ತಿರಲಿಲ್ಲ ಎಂದು ಹಳಬರು ಹೇಳುವುದನ್ನು ಕೇಳಿದ್ದೇನೆ. ಮೊದಲು ಊಟ, ಆಮೇಲೆ ಸುದ್ದಿ. ಸುದ್ದಿ ತಿಳಿದ ಮೇಲೆ ಅನ್ನ ಇಳಿಯುವುದಿಲ್ಲ, ಮುಂದೆ ಇಪ್ಪತ್ತು ಗಂಟೆಯ ದಾರಿ ಇದೆ. ಇಷ್ಟು ಸರಳ ಲೆಕ್ಕ.

ನನಗೆ ಆ ನಾಲ್ಕು ಶಬ್ದ ಬಂದದ್ದು 1986ರಲ್ಲಿ. ಆಗ ಕುರ್ಲಾದ ಒಂದು ಖೋಲಿಯಲ್ಲಿ ಎಂಟು ಜನ ಇದ್ದೆವು. ನಮ್ಮಲ್ಲಿ ಹಿರಿಯರಾದವರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದೆವು. ಅವರು ನನಗೆ ಊಟ ಮಾಡಿಸಿ, ಆಮೇಲೆ ಟೆಲಿಗ್ರಾಂ ಕೊಟ್ಟರು. ಅವರೇ ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿದರು. ನಾನು ಇಸ್ತ್ರಿ ಮಾಡಿದ ಪ್ಯಾಂಟು ಇಟ್ಟುಕೊಳ್ಳಲು ಹೋದರೆ ಅದನ್ನು ತೆಗೆದು ಎರಡು ಬಿಳಿ ಪಂಚೆ ಹಾಕಿದರು. "ಸೆಕೆ ಅಲ್ವಾ, ಪಂಚೆಯೇ ಒಳ್ಳೆಯದು" ಅಂದರು. ಕೋಣೆಯ ಇನ್ನೊಬ್ಬ ಹುಡುಗನಿಗೂ ಅದೇ ದಿನ ಊರಿನಲ್ಲಿ ಏನೋ ಜಮೀನಿನ ಕೆಲಸ ಇದೆಯೆಂದು ಗೊತ್ತಾಯಿತು. ಅವನೂ ನನ್ನ ಜೊತೆ ಹೊರಟ. ಅವನಿಗೆ ಊರಿನಲ್ಲಿ ಜಮೀನೇ ಇರಲಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು. ಆದರೂ ನಾನು ಏನೂ ಕೇಳಲಿಲ್ಲ.

ಬಸ್ಸು ಹತ್ತುವ ಮುಂಚೆ ದಾದರಿನಲ್ಲಿ ಅಪ್ಪನಿಗೆ ಒಂದು ಬಾಟಲಿ ಹಾರ್ಲಿಕ್ಸು, ಒಂದು ಡಜನ್ ಮೋಸಂಬಿ ಕೊಂಡೆ. ಜೊತೆಗಿದ್ದವನು ಬೇಡ ಎನ್ನಲಿಲ್ಲ. ಮೋಸಂಬಿಯನ್ನು ಅವನೇ ಆರಿಸಿದ, ಹಿಚುಕಿ ನೋಡಿ, ಚೌಕಾಸಿ ಮಾಡಿ. ಮಹಾಡ, ಚಿಪಳೂಣ, ಸಾವಂತವಾಡಿ, ಗೋವಾ, ಕಾರವಾರ. ರಾತ್ರಿಯಿಡೀ ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ: ಕುಂದಾಪುರದ ಡಾಕ್ಟರು ಆಗದಿದ್ದರೆ ಮಣಿಪಾಲಕ್ಕೆ ಸೇರಿಸುವುದು, ಪಿಎಫ್‌ನಿಂದ ಸಾಲ ತೆಗೆಯುವುದು, ಅಪ್ಪ ಚೇತರಿಸಿಕೊಂಡ ಮೇಲೆ ಒಂದು ತಿಂಗಳು ಮುಂಬಯಿಗೆ ಕರೆತರುವುದು, ಚೌಪಾಟಿ ತೋರಿಸುವುದು. ಮಾರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಮನೆಯ ತಿರುವಿನಲ್ಲಿ ಇಳಿದಾಗ ಗದ್ದೆಯ ಅಂಚಿನಲ್ಲಿ ಹೊಗೆ ಸಣ್ಣಗೆ ಏಳುತ್ತಿತ್ತು. ಅಪ್ಪ ಹೋಗಿದ್ದು ಮಂಗಳವಾರ ಬೆಳಗಿನ ಜಾವ. ನನ್ನ ಅಪ್ಪ ಹೋಗಿದ್ದು ಬುಧವಾರ ಮಧ್ಯಾಹ್ನ ಮೂರಕ್ಕೆ. ಇಡೀ ಮನೆಯಲ್ಲಿ ಅವರು ಒಂದೂವರೆ ದಿನ ಹೆಚ್ಚು ಬದುಕಿದ್ದು ನನಗೊಬ್ಬನಿಗೆ.

ಆ ಹಾರ್ಲಿಕ್ಸ್ ಬಾಟಲಿ ಹದಿಮೂರು ದಿನ ಅಡುಗೆಮನೆಯ ಮಾಡದಲ್ಲಿ ಹಾಗೇ ಕೂತಿತ್ತು. ಯಾರೂ ಒಡೆಯಲಿಲ್ಲ, ಯಾರೂ ಕೊಡಲೂ ಇಲ್ಲ.

ಟೆಲಿಗ್ರಾಂ ಕಳಿಸಿದ ಚಿಕ್ಕಪ್ಪನನ್ನು ಆಮೇಲೆ ಕೇಳಿದೆ, ಯಾಕೆ ಹಾಗೆ ಬರೆದಿರಿ ಎಂದು. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಎನಿಸಿತು. "ಇದ್ದದ್ದನ್ನು ಬರೆದಿದ್ದರೆ ನೀನು ಬಸ್ಸು ಹತ್ತುತ್ತಿದ್ದೆಯಾ? ಅಲ್ಲೇ ಕುಸಿದು ಕೂರುತ್ತಿದ್ದೆ. ಆಸೆ ಇದ್ದರೆ ಕಾಲು ನಡೆಯುತ್ತದೆ" ಅಂದರು. ನಾನು ಅಂದಿನಿಂದ ಈ ಸುಳ್ಳಿನ ಪಕ್ಷದವನು.

ಆದರೆ ಎಲ್ಲರೂ ಹಾಗಲ್ಲ ಎಂದು ನನಗೆ ಗೊತ್ತು. ಮಾಟುಂಗದಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ ನಮ್ಮ ಬಂಧುವೊಬ್ಬರು ಇದನ್ನು ಕೇಳಿದರೆ ಈಗಲೂ ಕೆಂಡವಾಗುತ್ತಾರೆ. ಅವರ ತಾಯಿ ತೀರಿಕೊಂಡ ಸುದ್ದಿ ಗಂಡನ ಮನೆಗೆ ಬೆಳಿಗ್ಗೆಯೇ ಬಂದಿತ್ತು. ಮನೆಯಲ್ಲಿ ಏನೋ ಸಮಾರಂಭ, ನೆಂಟರು ತುಂಬಿದ್ದರು. ಸಂಜೆ ಎಲ್ಲರಿಗೂ ಬಡಿಸಿ ಮುಗಿದ ಮೇಲೆ "ನಿನ್ನ ಅಮ್ಮನಿಗೆ ಸ್ವಲ್ಪ ಹುಷಾರಿಲ್ಲವಂತೆ" ಎಂದು ಹೇಳಿದರು. ಹೋಗಿ ನೋಡಿದರೆ ಎಲ್ಲ ಮುಗಿದಿದೆ. "ನನಗೆ ಅಳುವುದಕ್ಕೆ ಒಂದು ದಿನ ಇತ್ತು. ಅದನ್ನು ಅವರು ಹೋಳಿಗೆ ಬಡಿಸಿ ತೆಗೆದುಕೊಂಡರು" ಎನ್ನುತ್ತಾರೆ. ನನಗಾಗಿ ಹೇಳಿದ ಸುಳ್ಳಿಗೂ ಅವರಿಗೆ ಹೇಳಿದ ಸುಳ್ಳಿಗೂ ಶಬ್ದದಲ್ಲಿ ವ್ಯತ್ಯಾಸವೇ ಇಲ್ಲ. ಒಂದರ ಲಾಭ ಕೇಳಿದವನಿಗೆ, ಇನ್ನೊಂದರ ಲಾಭ ಹೇಳಿದವರಿಗೆ. ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಹೆಚ್ಚಾಗಿ ಎರಡನೆಯದೇ ಇರಬೇಕು. ಅವರು ಸಿಟ್ಟಾದಾಗ ನಾನು ನನ್ನ ಚಿಕ್ಕಪ್ಪನ ಮಾತನ್ನು ಅವರ ಮುಂದೆ ಎತ್ತುವುದಿಲ್ಲ.

ದೂರದಲ್ಲಿರುವವನ ದುಃಖ ಯಾವಾಗ ಶುರುವಾಗುತ್ತದೆ, ಸತ್ತಾಗಲೋ ಕೇಳಿದಾಗಲೋ? ಇದು ನಮ್ಮ ಹಿರಿಯರಿಗೂ ಕಾಡಿದ ಪ್ರಶ್ನೆಯೇ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ, ದೂರ ದೇಶದಲ್ಲಿ ಬಂಧು ತೀರಿಕೊಂಡ ಸುದ್ದಿ ತಡವಾಗಿ ಬಂದರೆ ಏನು ಮಾಡಬೇಕೆಂಬ ಲೆಕ್ಕವಿದೆ. ಹತ್ತು ದಿನದೊಳಗೆ ಕೇಳಿದರೆ ಉಳಿದಷ್ಟು ದಿನ ಸೂತಕ, ಹತ್ತು ದಿನ ದಾಟಿದ್ದರೆ ಮೂರು ರಾತ್ರಿ, ವರ್ಷವೇ ಕಳೆದಿದ್ದರೆ ನೀರು ಮುಟ್ಟಿದರೆ ಸಾಕು. ಆ ಗ್ರಂಥದ ಬಗ್ಗೆ ಜಗಳಗಳು ಬೇಕಾದಷ್ಟಿವೆ, ಅವೆಲ್ಲ ಇಲ್ಲಿ ಬೇಡ. ಊರು ಬಿಟ್ಟು ಹೋದವರು ಆಗಲೂ ಇದ್ದರು, ಸುದ್ದಿ ಆಗಲೂ ತಡವಾಗುತ್ತಿತ್ತು, ತಡವಾಗಿ ಬಂದ ದುಃಖಕ್ಕೂ ಒಂದು ಅಳತೆ ಬೇಕೆಂದು ಯಾರಿಗೋ ಅನಿಸಿತ್ತು. ಅಷ್ಟು ಸಾಕು ನನಗೆ. ನಮ್ಮ ಚಾಳಿನಲ್ಲಿ ಈ "ನೀರು ಮುಟ್ಟುವುದು" ಕೂಡ ಸಲೀಸಾಗಿರಲಿಲ್ಲ. ನಳದಲ್ಲಿ ನೀರು ಬರುತ್ತಿದ್ದುದು ಬೆಳಗಿನ ಜಾವ ಎರಡು ಗಂಟೆ. ಹಗಲು ಸುದ್ದಿ ಬಂದವನಿಗೆ ತಲೆಗೆ ಸ್ನಾನ ಮಾಡಲು ಮೂರು ಮನೆಯವರು ಅರ್ಧರ್ಧ ಬಕೆಟ್ ಕೊಡಬೇಕು. ಯಾಕೆ ಎಂದು ಮರಾಠಿ ಬಾಯಿಯರು ಕೇಳುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನೀರು ಕೇಳಿದರೆ ಅವರಿಗೂ ಅರ್ಥವಾಗುತ್ತಿತ್ತು.

ಕಾಗದದ ಕಾಲದಲ್ಲಿ ಕೈಗೆ ಬಂದ ತಕ್ಷಣವೇ ಸುದ್ದಿಯ ಬಣ್ಣ ತಿಳಿಯುತ್ತಿತ್ತು. ಶುಭವಾದರೆ ಮೂಲೆಗಳಿಗೆ ಅರಿಸಿನ. ಅಶುಭವಾದರೆ ಅರಿಸಿನವಿಲ್ಲ, ಮೇಲೆ ಶ್ರೀಕಾರವಿಲ್ಲ, ಓದಿ ಹರಿದುಹಾಕಬೇಕು. ಒಳಗೇನಿದೆ ಎಂದು ಓದುವ ಮೊದಲು ಕಣ್ಣಿಗೆ ಒಂದು ಕ್ಷಣ ಸಿಗುತ್ತಿತ್ತು.

ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು. ಕೊನೆಯ ದಿನ ಜನ ನೆನಪಿಗೆಂದು ತಮಗೆ ತಾವೇ ಟೆಲಿಗ್ರಾಂ ಕಳಿಸಿಕೊಂಡರೆಂದು ಪತ್ರಿಕೆಗಳಲ್ಲಿ ಬಂತು. ನನಗೆ ಹಾಗೆ ಮಾಡಬೇಕೆಂದು ಅನಿಸಲಿಲ್ಲ. ನನ್ನ ಟ್ರಂಕಿನಲ್ಲಿ ಒಂದಿದೆ, ಸಾಕು.

ಈಗ ದಾರಿಯೂ ಮೊದಲಿನಷ್ಟು ದೂರವಿಲ್ಲ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿ ತೆರೆದಾಗ ನಮ್ಮ ಕರಾವಳಿಯವರು ಅದನ್ನು ಅಭಿವೃದ್ಧಿ ಎಂದು ನೋಡಿದ್ದಕ್ಕಿಂತ ಹೆಚ್ಚಾಗಿ, "ಇನ್ನು ಮುಖ ನೋಡಲಿಕ್ಕಾದರೂ ಸಿಕ್ಕೀತು" ಎಂದು ನೋಡಿದರು. ಮಂಗಳೂರಿಗೆ ವಿಮಾನ ಇದೆ. ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು, ಯಾರೂ ಅಷ್ಟಾಗಿ ಮಾತಾಡದ ಒಂದು ವಸ್ತು: ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ. ಅದು ಸಣ್ಣ ಊರುಗಳಿಗೂ ಬಾಡಿಗೆಗೆ ಬಂದ ಮೇಲೆ ಸತ್ತವರು ಕಾಯತೊಡಗಿದರು. ಮೊದಲು ಬದುಕಿದ್ದವರು ಕಾಯುತ್ತಿದ್ದರು, ಹೆಣ ಕಾಯುತ್ತಿರಲಿಲ್ಲ. ಈಗ ಅಮೆರಿಕದ ಮಗ ಬರುವವರೆಗೆ ತಾಯಿ ಎರಡು ದಿನ ತಣ್ಣಗೆ ಮಲಗಿರುತ್ತಾಳೆ. ನನ್ನ ಅಮ್ಮನೂ ಹಾಗೆಯೇ ನನಗಾಗಿ ಹದಿನಾಲ್ಕು ಗಂಟೆ ಕಾದಳು. ಗಾಜಿನ ಮೇಲೆ ಕೂತ ಹನಿಯನ್ನು ತಂಗಿ ಆಗಾಗ ಒರೆಸುತ್ತಿದ್ದಳು, ಬಂದವರಿಗೆ ಮುಖ ಕಾಣಲಿ ಎಂದು.

ದೇಹ ನಿಧಾನವಾಯಿತು, ಸುದ್ದಿ ಮಾತ್ರ ಹುಚ್ಚು ಓಟ ಓಡತೊಡಗಿತು. ಅಮ್ಮನ ವಿಷಯ ನನಗೆ ತಿಳಿದದ್ದು ಸಂಜೆ ಆರೂವರೆಯ ಡೊಂಬಿವಲಿ ಲೋಕಲ್‌ನಲ್ಲಿ, ಘಾಟಕೋಪರ ದಾಟಿದ ಮೇಲೆ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ದೂರದ ಸೋದರಸಂಬಂಧಿ ಕೈಮುಗಿದ ಚಿತ್ರ ಹಾಕಿ "ಓಂ ಶಾಂತಿ" ಎಂದಿದ್ದ. ಅದರ ಮೇಲಿನ ಸಂದೇಶ ಯಾರದೋ ಕ್ರಿಕೆಟ್ ಜೋಕು. ಯಾರಿಗೆ ಶಾಂತಿ ಎಂದು ನನಗೆ ಅರ್ಥವಾಗಲು ಇನ್ನೂ ನಾಲ್ಕು ಕೈಮುಗಿದ ಚಿತ್ರಗಳು ಬೇಕಾದವು. ತಂಗಿಗೆ ಫೋನ್ ಮಾಡಲು ಕೈ ಎತ್ತಲಾಗದಷ್ಟು ಗರ್ದಿ. ಸುತ್ತ ನೂರೈವತ್ತು ಜನ, ನನಗೂ ಸುದ್ದಿಗೂ ನಡುವೆ ಒಬ್ಬರೂ ಇಲ್ಲ. ಠಾಣೆಯಲ್ಲಿ ಇಳಿಯೋಣವೆಂದರೂ ಬಾಗಿಲವರೆಗೆ ಹೋಗಲಾಗಲಿಲ್ಲ. ಆ ಸೋದರಸಂಬಂಧಿಯ ಮೇಲೆ ನನಗೆ ಸಿಟ್ಟಿಲ್ಲ. ಅವನು ತನ್ನ ಕರ್ತವ್ಯ ಮಾಡಿದ, ಬಹುಶಃ ಎಲ್ಲರಿಗಿಂತ ಮೊದಲು ಮಾಡಿದೆ ಎಂಬ ಸಣ್ಣ ಸಮಾಧಾನವೂ ಇದ್ದೀತು. ಅಂದು ನನಗೆ ನೆನಪಾದದ್ದು ಕುರ್ಲಾದ ಖೋಲಿಯ ಅಣ್ಣ, ಅವರು ಚೀಲಕ್ಕೆ ಹಾಕಿದ ಎರಡು ಪಂಚೆ. ಟೆಲಿಗ್ರಾಂ ಹೋಯಿತು, ಅದು ಹೋಗಬೇಕಾದದ್ದೇ. ಜೊತೆಯಲ್ಲಿ, ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ನಾವು ಉಂಡು ಮುಗಿಸುವುದನ್ನು ಕಾಯುವ ಆ ಮನುಷ್ಯನೂ ಹೋದ.

2020ರ ಬೇಸಿಗೆಯನ್ನು ನಾನು ಹೆಚ್ಚು ಬಿಡಿಸಿ ಹೇಳುವುದಿಲ್ಲ, ನೀವೆಲ್ಲ ಕಂಡದ್ದೇ. ರೈಲಿಲ್ಲ, ವಿಮಾನವಿಲ್ಲ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕದ ಗಡಿಯೂ ಮುಚ್ಚಿತು. ನಿಪ್ಪಾಣಿ ಕಡೆಯ ಕೊಗನೊಳ್ಳಿ ನಾಕಾದ ಈಚೆ ನಿಂತು, ಆಚೆಯ ಊರಿನಲ್ಲಿ ನಡೆಯುವ ಸಂಸ್ಕಾರವನ್ನು ಫೋನಿನಲ್ಲಿ ನೋಡಿದವರಿದ್ದಾರೆ. ನೆಟ್‌ವರ್ಕ್ ಹೋಗಿ ಚಿತ್ರ ನಿಂತಾಗ, ಅಪ್ಪನ ಮುಖ ಅಲ್ಲೇ ಅಲುಗದೆ ನಿಂತಿತ್ತಲ್ಲ, ಅದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ ಎಂದು ಒಬ್ಬರು ನನಗೆ ಹೇಳಿದ್ದರು. ಅಂಥ ಹೊತ್ತಿನಲ್ಲಿ ಸುಳ್ಳು ಹೇಳಲು ಯಾರಿಗೂ ಅವಕಾಶವೂ ಇರಲಿಲ್ಲ, ಅದರಿಂದ ಪ್ರಯೋಜನವೂ ಇರಲಿಲ್ಲ. ಬಸ್ಸೇ ಇಲ್ಲದ ಮೇಲೆ ಆಸೆ ಇದ್ದು ಕಾಲು ಎಲ್ಲಿಗೆ ನಡೆದೀತು?

ಕಳೆದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಐದಕ್ಕೆ ನನ್ನ ಫೋನು ಬಡಿದುಕೊಂಡಿತು. ಧಾರವಾಡದ ಕಡೆಯ ಹೆಣ್ಣುಮಗಳ ದನಿ. ನಮ್ಮ ಕಟ್ಟಡದ ನಾಲ್ಕನೆಯ ಮಾಳಿಗೆಯಲ್ಲಿ ಒಬ್ಬನೇ ಇರುವ ಸಾಫ್ಟ್‌ವೇರ್ ಹುಡುಗನ ಅಕ್ಕ. ಕಟ್ಟಡದಲ್ಲಿ ಇನ್ನೊಬ್ಬ ಕನ್ನಡದವರಿದ್ದಾರೆಂದು ಹುಡುಗ ಯಾವಾಗಲೋ ನನ್ನ ನಂಬರು ಮನೆಗೆ ಕೊಟ್ಟಿದ್ದನಂತೆ. ಅವ್ವ ರಾತ್ರಿ ಹೋದರು, ಅವನಿಗೆ ಇನ್ನೂ ಹೇಳಿಲ್ಲ, ಒಬ್ಬನೇ ಇದ್ದಾನೆ, ಸ್ವಲ್ಪ ಮ್ಯಾಲೆ ಹೋಗ್ತೀರೇನ್ರಿ ಕಾಕಾ, ಎಂದಳು. ಅಳುತ್ತಿರಲಿಲ್ಲ. ಎಲ್ಲವನ್ನೂ ವ್ಯವಸ್ಥೆ ಮಾಡಿದ್ದಳು. ಮನೆಯ ಗ್ರೂಪಿನಲ್ಲಿ ನಲವತ್ತಕ್ಕಿಂತ ಹೆಚ್ಚು ಜನರಿದ್ದಾರೆ, ಒಬ್ಬೊಬ್ಬರಿಗೂ ಫೋನ್ ಮಾಡಿ, ಅವನು ಊರು ಮುಟ್ಟುವವರೆಗೆ ಯಾರೂ ಏನೂ ಹಾಕಬೇಡಿ ಎಂದು ಹೇಳಿಸಿದ್ದಾಳೆ. ಅವನಿಗೆ ಎಂಟು ಗಂಟೆಗೆ ತಾನೇ ಫೋನ್ ಮಾಡಿ "ಅವ್ವಗ ಆರಾಮಿಲ್ಲ, ದವಾಖಾನಿಗೆ ಹಾಕೇವಿ" ಎನ್ನುತ್ತಾಳೆ. ಅಷ್ಟರೊಳಗೆ ಅವನಿಗೆ ಏನಾದರೂ ತಿನ್ನಿಸಬೇಕು.

ನನ್ನ ಹೆಂಡತಿ ಉಪ್ಪಿಟ್ಟು ಮಾಡಿದಳು. ನಾನು ಏಳಕ್ಕೆ ಡಬ್ಬಿ ಹಿಡಿದು ಮೇಲೆ ಹೋದೆ, ಜಾಸ್ತಿಯಾಗಿದೆ ತಿನ್ನು ಎಂದೆ. ಅವನು ತಿಂದ. ಎಂಟಕ್ಕೆ ಫೋನು ಬಂತು. ನನಗೂ ಪುಣೆಯ ಆಚೆ ಒಂದು ಕೆಲಸವಿದೆಯೆಂದು ಹೇಳಿ, ಕಾರು ಹಿಡಿದು ಒಟ್ಟಿಗೆ ಹೊರಟೆವು. ಏನು ಕೆಲಸ ಎಂದು ಅವನು ಕೇಳಲಿಲ್ಲ. ದಾರಿಯಲ್ಲಿ ಆಫೀಸಿಗೆ ಫೋನು, ರಜೆ, ಪಾಸ್‌ವರ್ಡು, ಯಾರಿಗೋ ಕೆಲಸ ಒಪ್ಪಿಸುವುದು. ಹುಬ್ಬಳ್ಳಿಯಲ್ಲಿ ಒಳ್ಳೆಯ ಹೃದಯದ ಡಾಕ್ಟರು ಯಾರಿದ್ದಾರೆಂದು ನನ್ನನ್ನು ಕೇಳಿದ. ನನಗೆ ಗೊತ್ತಿದ್ದ ಎರಡು ಹೆಸರು ಹೇಳಿದೆ. ಬರೆದುಕೊಂಡ. ಸಾತಾರಾದಲ್ಲಿ ಚಹಾ ಕುಡಿದೆವು, ಅವನು ಅರ್ಧ ಬಿಟ್ಟ.

ಕರಾಡ ಹತ್ತಿರ ಬರುತ್ತಿದ್ದಂತೆ ಬಹಳ ಹೊತ್ತು ಫೋನನ್ನು ಮೇಲೆ ಕೆಳಗೆ ಜಾರಿಸುತ್ತ ಕೂತಿದ್ದ. ಆಮೇಲೆ ಅದನ್ನು ತೊಡೆಯ ಮೇಲೆ ಬೋರಲು ಇಟ್ಟು, ಕಿಟಕಿಯ ಹೊರಗೆ ಕಬ್ಬಿನ ಹೊಲಗಳನ್ನು ನೋಡುತ್ತ ಹೇಳಿದ:

"ಇವತ್ತ ಗ್ರೂಪ್‌ನ್ಯಾಗ ಯಾರೂ ಗುಡ್ ಮಾರ್ನಿಂಗ್ ಹಾಕಿಲ್ರಿ ಕಾಕಾ."